ಒಲೆ ಇದೆಯೇ ಎಂಬ ಪ್ರಶ್ನೆಗೆ ಹಿಡಿದ ನಿಮಿಷಗಳು

ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಿಂದ ಬಂದ ಪತ್ರದಲ್ಲಿ ಕೇಳಿದ್ದು ಒಂದೇ ಒಂದು ಸಂಖ್ಯೆ. ರಾಜ್ಯದ ಪೂರಕ ಸಹಾಯಧನದ ಒಂದು ಕೇಸನ್ನು ನಿಭಾಯಿಸಲು ಒಬ್ಬ ಗುಮಾಸ್ತರಿಗೆ ಎಷ್ಟು ನಿಮಿಷ ಬೇಕು? ನನ್ನ ಮೇಲಧಿಕಾರಿ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, "ಎರಡು ವಾರದ ಕೆಲಸ, ಅಷ್ಟೇ," ಎಂದರು. ಅದು ಏಳು ತಿಂಗಳು ಹಿಡಿಯಿತು. ಕೊನೆಗೂ ಆ ಸಂಖ್ಯೆ ನನಗೆ ಸಿಕ್ಕಿತೆಂದು ಹೇಳಲಾರೆ.

ಎಂಬತ್ತರ ದಶಕದ ನಡುಭಾಗವದು. ಓಕ್ಲ್ಯಾಂಡಿನಲ್ಲಿದ್ದ ಕೌಂಟಿ, ಅಂದರೆ ಜಿಲ್ಲಾ, ಕಚೇರಿಯ ಲೆಕ್ಕ ವಿಭಾಗದಲ್ಲಿ ನನ್ನ ಕೆಲಸ. ಮುದುಕರಿಗೆ, ಕುರುಡರಿಗೆ, ದುಡಿಯಲಾಗದವರಿಗೆ ಫೆಡರಲ್, ಅಂದರೆ ಕೇಂದ್ರ, ಸರ್ಕಾರ ತಿಂಗಳಿಗಿಷ್ಟು ಎಂದು ಹಣ ಕೊಡುತ್ತಿತ್ತು. ಅದು ಸಾಲದೆಂದು ಕ್ಯಾಲಿಫೋರ್ನಿಯಾ ರಾಜ್ಯ ತನ್ನದೂ ಒಂದು ಪಾಲು ಸೇರಿಸುತ್ತಿತ್ತು. ಎರಡೂ ಒಂದೇ ಚೆಕ್ಕಿನಲ್ಲಿ ಬರುತ್ತಿದ್ದವು. ಅರ್ಜಿ ತೆಗೆದುಕೊಳ್ಳುವುದು, ವಿಚಾರಣೆ ಮಾಡುವುದು, ಚೆಕ್ಕು ಕಳಿಸುವುದು ಎಲ್ಲವನ್ನೂ ಫೆಡರಲ್ ಕಚೇರಿಯೇ ಮಾಡುತ್ತಿತ್ತು. ಅದಕ್ಕಾಗಿ ರಾಜ್ಯದಿಂದ ಏನನ್ನೂ ಕೇಳುತ್ತಿರಲಿಲ್ಲ. ಈಗ ವಾಷಿಂಗ್ಟನ್ನಿನಲ್ಲಿ ಯಾರೋ, ನಿಮ್ಮ ಪಾಲನ್ನು ನಾವು ಬಿಟ್ಟಿಯಾಗಿ ಏಕೆ ಹಂಚಬೇಕು, ಪ್ರತಿ ಪಾವತಿಗೂ ಶುಲ್ಕ ಕೊಡಿ ಎಂಬ ಮಾತೆತ್ತಿದ್ದರು. ಅದು ಹೆಚ್ಚೇನೂ ಸಮಯ ಹಿಡಿಯದ ಕೆಲಸವೆಂದು ತೋರಿಸಿ ಶುಲ್ಕವನ್ನು ತಪ್ಪಿಸುವುದು ರಾಜ್ಯದ ಉದ್ದೇಶ. ಪತ್ರದಲ್ಲಿ ಹಾಗೆ ಬರೆದಿರಲಿಲ್ಲ. ಆದರೆ ಮೇಲಧಿಕಾರಿ ಬಾಗಿಲಲ್ಲಿ ನಿಂತು ಹೇಳಿ ಹೋದರು: "ನಂಬರು ಚಿಕ್ಕದಾಗಿರಲಿ ಅಂತ ಅವರ ಆಸೆ. ಸುಳ್ಳು ಬರೀಬೇಡ. ಆದರೆ ದೊಡ್ಡದು ಮಾಡೋಕೂ ಹೋಗ್ಬೇಡ."

ಆ ಕೆಲಸವನ್ನು ಹಿಂದೊಮ್ಮೆ ಕೌಂಟಿಗಳೇ ಮಾಡುತ್ತಿದ್ದವು, ಅದಕ್ಕೇ ನಮ್ಮನ್ನು ಕೇಳಿದ್ದು. ಆದರೆ ಅದು ನಮ್ಮ ಕೈಬಿಟ್ಟು ಹತ್ತು ವರ್ಷ ದಾಟಿತ್ತು. ನಿಮಿಷ ಎಣಿಸಬೇಕಾದರೆ ಫೆಡರಲ್ ಕಚೇರಿಯ ಕೌಂಟರಿನ ಹಿಂದೆಯೇ ಹೋಗಿ ಕೂರಬೇಕು. ಅನುಮತಿ ಸಿಗಲು ಆರು ವಾರ ಬೇಕಾಯಿತು. ಮೊದಲು ಅವರ ಮ್ಯಾನೇಜರು ಒಪ್ಪಲಿಲ್ಲ. ಅವರು ಒಪ್ಪಿದ ಮೇಲೆ ಗುಮಾಸ್ತರ ಯೂನಿಯನ್ ಒಪ್ಪಲಿಲ್ಲ. ನಮ್ಮ ಕೆಲಸಕ್ಕೆ ಗಡಿಯಾರ ಹಿಡಿದು ನಾಳೆ ನಮ್ಮಲ್ಲೇ ನಾಲ್ವರನ್ನು ಮನೆಗೆ ಕಳಿಸುತ್ತೀರಿ ಎಂಬುದು ಅವರ ವಾದ. ಅದು ತಪ್ಪೆಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಕೊನೆಗೆ ಮೂರು ಷರತ್ತುಗಳ ಕಾಗದಕ್ಕೆ ನಾನು ರುಜು ಹಾಕಿದೆ: ನನ್ನ ಹಾಳೆಗಳಲ್ಲಿ ಯಾವ ಗುಮಾಸ್ತರ ಹೆಸರೂ ಇರಬಾರದು, ಆ ಹಾಳೆಗಳನ್ನು ಯಾರ ವಿರುದ್ಧವೂ ಬಳಸಬಾರದು, ಅರ್ಜಿದಾರರ ಜೊತೆ ನಾನು ಮಾತನಾಡಬಾರದು.

ಮೂರನೆಯದು ಸುಲಭ ಎಂದುಕೊಂಡಿದ್ದೆ.

ಫೆಡರಲ್ ಕಚೇರಿಯಲ್ಲಿ ನನ್ನನ್ನು ಒಬ್ಬ ಹಿರಿಯ ಗುಮಾಸ್ತೆಯ ಪಕ್ಕದಲ್ಲಿ ಕೂರಿಸಿದರು. ಓಕ್ಲ್ಯಾಂಡಿನಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು, ಐವತ್ತು ದಾಟಿದ್ದರು. ಎದುರಿಗೆ ಕೂತವರು ಎಷ್ಟೇ ಕೂಗಾಡಿದರೂ ಅವರ ದನಿ ಏರುತ್ತಿರಲಿಲ್ಲ. ಮೊದಲ ದಿನ ನನ್ನ ಹಳದಿ ಹಾಳೆಯನ್ನು ತಿರುವಿ ಮುರುವಿ ನೋಡಿದರು. ಅದರಲ್ಲಿ ಹದಿನಾರು ಅಂಕಣಗಳಿದ್ದವು: ಕೇಸಿನ ನಂಬರು, ಸಂದರ್ಶನ, ದೂರವಾಣಿ, ಕಡತ ಹುಡುಕಾಟ, ಸ್ಥಳ ಪರಿಶೀಲನೆ, ಕಂಪ್ಯೂಟರ್ ಟರ್ಮಿನಲ್ಲಿಗೆ ಬೆರಳಚ್ಚು, ಹೀಗೆ. ಪ್ರತಿಯೊಂದರಲ್ಲೂ ಫೆಡರಲ್ ಎಷ್ಟು, ರಾಜ್ಯ ಎಷ್ಟು ಎಂದು ಎರಡು ಭಾಗ.

"ಒಂದು ವಿಷಯ ಹೇಳಿ," ಎಂದರು ಅವರು. "ಈ ಅಮ್ಮ ತಮ್ಮನ ಮನೇಲಿ ಇದಾರಾ, ಒಬ್ಬರೇ ಇದಾರಾ ಅಂತ ನಾನು ಕೇಳ್ತೀನಿ. ಆ ಉತ್ತರ ಫೆಡರಲ್ ದುಡ್ಡಿಗೂ ಬೇಕು, ನಿಮ್ಮ ರಾಜ್ಯದ ದುಡ್ಡಿಗೂ ಬೇಕು. ಕೇಳೋಕೆ ಮೂರು ನಿಮಿಷ ಆಯ್ತು. ಅದರಲ್ಲಿ ಯಾವ ನಿಮಿಷ ನಮ್ಮದು, ಯಾವುದು ನಿಮ್ಮದು?"

ನಾನು ಹಾಳೆಯನ್ನು ವಾಪಸು ತೆಗೆದುಕೊಂಡೆ. ಅರ್ಧ ಅರ್ಧ ಬರೆದೆ. ಹಾಗೆ ಬರೆದ ಎರಡು ವಾರದ ಹಾಳೆಗಳನ್ನು ಕೂಡಿಸಿ ಮೊತ್ತವನ್ನು ಸ್ಯಾಕ್ರಮೆಂಟೊಗೆ ಕಳಿಸಿದರೆ, ಅಲ್ಲಿನ ಅಧಿಕಾರಿ ಫೋನು ಮಾಡಿ, ಎರಡಕ್ಕೂ ಬೇಕಾದ ಪ್ರಶ್ನೆಗಳೆಲ್ಲ ಫೆಡರಲ್ ಲೆಕ್ಕಕ್ಕೇ ಹೋಗಬೇಕೆಂದೂ ರಾಜ್ಯಕ್ಕೆ ಮಾತ್ರ ಬೇಕಾದದ್ದನ್ನಷ್ಟೇ ಎಣಿಸಬೇಕೆಂದೂ ಹೇಳಿದರು. ಎರಡು ವಾರದ ಕೆಲಸ ಕಸದಬುಟ್ಟಿಗೆ ಹೋಯಿತು. ಹೊಸ ಹಾಳೆ ಅಚ್ಚಾಗಿ ಬಂತು. ಅದರಲ್ಲಿ ಹದಿನಾಲ್ಕು ಅಂಕಣ. ಮತ್ತೆ ಮೂರು ವಾರ ಎಣಿಸಿದೆ. ಆಗ, ಕಂಪ್ಯೂಟರು ಕೆಟ್ಟು ನಿಂತ ಹೊತ್ತನ್ನು ಕಳೆಯಬೇಕಿತ್ತು, ಏಕೆ ಕಳೆಯಲಿಲ್ಲ ಎಂದು ಇನ್ನೊಂದು ಫೋನು. ಕೆಟ್ಟು ನಿಂತ ಹೊತ್ತಿಗೆ ಅಂಕಣವೇ ಇರಲಿಲ್ಲ. ಆ ಮೂರು ವಾರವೂ ಹೋಯಿತು. ಪ್ರತಿದಿನ ಬೆಳಿಗ್ಗೆ ಫ್ರೀಮಾಂಟಿನಿಂದ ರೈಲು ಹಿಡಿದು ಬಂದು, ಬೇರೆಯವರ ಕೆಲಸವನ್ನು ಕೈಕಟ್ಟಿ ನೋಡುತ್ತಾ ಕೂತು, ಸಂಜೆ ಅದನ್ನು ಹೊಡೆದುಹಾಕಿ ಮನೆಗೆ ಹೋಗುವುದು ನನಗೆ ಅಭ್ಯಾಸವಾಯಿತು. ಮಗಳು "How was work?" ಎಂದು ಕೇಳಿದರೆ ಉತ್ತರಿಸುವುದನ್ನೇ ಬಿಟ್ಟಿದ್ದೆ.

ಹೊಸ ನಿಯಮದ ಪ್ರಕಾರ ರಾಜ್ಯಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ಮುಖ್ಯವಾಗಿ ಉಳಿದದ್ದು ಒಲೆಯದು. ಕ್ಯಾಲಿಫೋರ್ನಿಯಾದಲ್ಲಿ, ಅಡಿಗೆ ಮಾಡಿಕೊಳ್ಳಲು ಜಾಗವಿಲ್ಲದವರಿಗೆ ಹೊರಗೆ ಊಟ ಮಾಡಬೇಕಾಗುತ್ತದೆಂದು ರಾಜ್ಯ ತನ್ನ ಪಾಲಿನಲ್ಲಿ ಸ್ವಲ್ಪ ಹೆಚ್ಚಿಗೆ ಕೊಡುತ್ತಿತ್ತು. ಓಕ್ಲ್ಯಾಂಡಿನ ಪೇಟೆಯ ಹಳೆಯ ಹೋಟೆಲುಗಳಲ್ಲಿ ಒಂಟಿ ಕೋಣೆ ಹಿಡಿದು ಬದುಕುವ ಮುದುಕರು ಬಹಳ ಜನ. ಅವರಿಗೆ ಈ ಊಟದ ಹಣವೇ ಆಧಾರ. ಆದ್ದರಿಂದ ಪ್ರತಿಯೊಬ್ಬರನ್ನೂ ಕೇಳಬೇಕು: ನಿಮ್ಮ ಕೋಣೆಯಲ್ಲಿ ಒಲೆ ಇದೆಯೇ? ಬೇರೆ ಯಾರದಾದರೂ ಅಡಿಗೆಮನೆಯನ್ನು ಬಳಸುತ್ತೀರಾ? ಅನುಮಾನ ಬಂದರೆ ಹೋಗಿ ನೋಡಬೇಕು. ಸ್ಥಳ ಪರಿಶೀಲನೆ ಎಂಬ ಅಂಕಣವಿದ್ದದ್ದು ಅದಕ್ಕೇ. ಅದು ಹೆಚ್ಚುಕಡಿಮೆ ಖಾಲಿಯಾಗಿಯೇ ಇರುತ್ತಿತ್ತು. ಕೌಂಟರಿನ ಮುಂದೆ ಸಾಲು ಬಾಗಿಲಾಚೆಗೂ ಹೋಗಿರುವಾಗ ಎದ್ದು ಹೋಗುವವರು ಯಾರು?

ಮೂರನೆಯ ಸಲ ಎಣಿಕೆ ಶುರುಮಾಡಿದ ಮೇಲೆ ಒಂದು ಬೆಳಿಗ್ಗೆ, ಎಪ್ಪತ್ತು ದಾಟಿದ ಒಬ್ಬರು ಬಂದು ಹಿರಿಯ ಗುಮಾಸ್ತೆಯ ಎದುರು ಕೂತರು. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಮಡಿಸಿದ ಒಂದು ಕಾಗದ. ಎರಡು ತಿಂಗಳಿಂದ ತಮ್ಮ ಚೆಕ್ಕು ಚಿಕ್ಕದಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಗುಮಾಸ್ತೆ ಕಾಗದ ಓದಿದರು. ಕೋಣೆಯನ್ನು ಪರಿಶೀಲಿಸಲಾಗಿದೆ, ಅಡಿಗೆಯ ಸಾಧನ ಕಂಡುಬಂದಿದೆ, ಆದ್ದರಿಂದ ಊಟದ ಹೆಚ್ಚುವರಿ ನಿಲ್ಲಿಸಲಾಗಿದೆ ಎಂದು ಅದರಲ್ಲಿತ್ತು.

"ಯಾರೂ ಬರಲಿಲ್ಲ," ಎಂದರು ಆ ಹಿರಿಯರು.

"ಫೈಲಿನಲ್ಲಿ ಪರಿಶೀಲನೆ ಆಗಿದೆ ಅಂತ ಇದೆ, ಸರ್."

"ನಾನು ಹೇಳ್ತಿದ್ದೇನೆ, ಯಾರೂ ಬರಲಿಲ್ಲ."

ಮೇಲ್ಮನವಿಯ ಫಾರಮ್ಮು ಕೊಟ್ಟು, ವಿಚಾರಣೆಗೆ ನಾಲ್ಕಾರು ತಿಂಗಳಾಗಬಹುದು ಎಂದರು ಗುಮಾಸ್ತೆ. ಹಿರಿಯರು ಫಾರಮ್ಮನ್ನು ನೋಡಿದರು. ಆಮೇಲೆ ನನ್ನ ಎದೆಯ ಮೇಲಿದ್ದ ಬ್ಯಾಡ್ಜನ್ನು ನೋಡಿದರು. ಅದರಲ್ಲಿನ ನನ್ನ ಹೆಸರನ್ನು ತುಟಿಯಲ್ಲೇ ಓದಿಕೊಂಡು ತಟ್ಟನೆ ಕನ್ನಡದಲ್ಲಿ ಕೇಳಿದರು:

"ನೀವು ಕನ್ನಡದವರಾ? ಅಯ್ಯೋ ಮಾರಾಯ್ತಿ, ಇವರಿಗೆ ಸ್ವಲ್ಪ ಹೇಳಿ. ನಾನು ನಲವತ್ತು ವರ್ಷ ಹಡಗಿನಲ್ಲಿ ಅಡಿಗೆ ಮಾಡಿದವ. ಒಲೆ ಇದ್ರೆ ನಾನು ಬ್ರೆಡ್ಡು ತಿಂದು ಕೂತ್ಕೊಳ್ತೇನಾ?"

ಮಂಗಳೂರಿನ ಕನ್ನಡ. ಹನ್ನೊಂದು ವರ್ಷದಲ್ಲಿ ಆ ಕಚೇರಿಗಳ ಬೀದಿಯಲ್ಲಿ ನಾನು ಕೇಳಿದ ಮೊದಲ ಕನ್ನಡ. ನಾನು ಬಾಯಿ ತೆರೆದೆ. ಗುಮಾಸ್ತೆ ನನ್ನತ್ತ ನೋಡಿದರು, ಅವರ ಹಿಂದೆ ನಿಂತಿದ್ದ ಯೂನಿಯನ್ನಿನ ಪ್ರತಿನಿಧಿಯೂ ನೋಡಿದರು. ನಾನು ತಲೆತಗ್ಗಿಸಿ ಹಾಳೆಯ ಮೇಲೆ ಸಮಯ ಬರೆದೆ: ಸಂದರ್ಶನ, ಹನ್ನೊಂದು ನಿಮಿಷ. ಹಿರಿಯರು ಫಾರಮ್ಮನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಕುರ್ಚಿಯನ್ನು ಸರಿಯಾಗಿ ಹಿಂದಕ್ಕೆ ಸರಿಸಿಟ್ಟು ಹೊರಟುಹೋದರು.

ಊಟದ ಬಿಡುವಿನಲ್ಲಿ ನಾನು ಊಟ ಮಾಡಲಿಲ್ಲ. ಹಳೆಯ ಹಾಳೆಗಳ ಕಟ್ಟನ್ನು ಬಿಚ್ಚಿ ಅವರ ಕೇಸಿನ ನಂಬರನ್ನು ಹುಡುಕಿದೆ. ಕಸಕ್ಕೆ ಹೋಗಿವೆ ಎಂದು ಸ್ಯಾಕ್ರಮೆಂಟೊದವರು ತಿಳಿದಿದ್ದ ಹಾಳೆಗಳನ್ನೂ ನಾನು ಎಸೆದಿರಲಿಲ್ಲ. ಅಲ್ಲಿ ಇತ್ತು, ನನ್ನದೇ ಅಕ್ಷರದಲ್ಲಿ: ದೂರವಾಣಿ, ಹೋಟೆಲಿನ ಮ್ಯಾನೇಜರು, ನಾಲ್ಕು ನಿಮಿಷ. ಸ್ಥಳ ಪರಿಶೀಲನೆ: ಇಲ್ಲ. ನನಗೆ ಆ ದಿನ ನೆನಪಾಯಿತು. ಕೌಂಟರಿನಲ್ಲಿ ಇಬ್ಬರು ರಜೆಯಲ್ಲಿದ್ದರು. ಹಿರಿಯ ಗುಮಾಸ್ತೆ ಫೋನು ಮಾಡಿ ಕೇಳಿ, "ಹೌದಾ, ಸರಿ," ಎಂದು ಇಟ್ಟು, ಟರ್ಮಿನಲ್ಲಿನಲ್ಲಿ ಏನೋ ಒತ್ತಿ ಮುಂದಿನವರನ್ನು ಕರೆದಿದ್ದರು. ಆ ಒತ್ತಿದ್ದು 'ಕೋಣೆ ಪರಿಶೀಲಿಸಲಾಗಿದೆ' ಎಂಬ ಸಂಕೇತ. 'ಫೋನಿನಲ್ಲಿ ಕೇಳಲಾಗಿದೆ' ಎಂಬ ಸಂಕೇತ ಇತ್ತು, ಆದರೆ ಅದನ್ನು ಒತ್ತಿದರೆ ಕಂಪ್ಯೂಟರು ಕೇಸನ್ನು ಮುಚ್ಚಲು ಬಿಡುತ್ತಿರಲಿಲ್ಲ.

ಆ ಮುದುಕರು ಹೇಳಿದ್ದು ನಿಜವೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಕೈಯಲ್ಲಿತ್ತು. ಅದನ್ನು ಯಾರ ವಿರುದ್ಧವೂ ಬಳಸುವುದಿಲ್ಲವೆಂದು ನಾನೇ ರುಜು ಹಾಕಿದ್ದೆ.

ಎರಡು ದಿನ ಸುಮ್ಮನಿದ್ದೆ. ನನ್ನನ್ನೇ ನಾನು ಸಮಾಧಾನ ಮಾಡಿಕೊಂಡೆ: ಮೇಲ್ಮನವಿ ಇದೆಯಲ್ಲ, ಆಗಲಿ. ಮೇಲಧಿಕಾರಿಗೆ ಹೇಳಬಹುದಿತ್ತು, ಆದರೆ ಹೇಳಿದ ಕ್ಷಣವೇ ಮಾತು ಮುರಿದಂತೆ. ಯೂನಿಯನ್ ಅಧ್ಯಯನವನ್ನು ನಿಲ್ಲಿಸುತ್ತಿತ್ತು. ಆ ಹೆಂಗಸಿನ ಕೆಲಸವೂ ಹೋಗಬಹುದಿತ್ತು. ಅವರು ಕೆಟ್ಟವರಲ್ಲ. ಆ ಸಾಲನ್ನು ನಾನು ದಿನವೂ ನೋಡುತ್ತಿದ್ದೆ.

ಮೂರನೆಯ ದಿನ ರೈಲು ನಿಲ್ದಾಣದಿಂದ ನಡೆದು ಬರುವಾಗ ಚರ್ಚೊಂದರ ಮುಂದೆ ಪುಕ್ಕಟೆ ಊಟಕ್ಕೆ ನಿಂತ ಸಾಲಿನಲ್ಲಿ ಅದೇ ಬಿಳಿ ಷರಟು ಕಂಡಿತು. ಅವರು ನನ್ನನ್ನು ನೋಡಿ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ದಿನ ಹತ್ತು ಗಂಟೆಯ ಬಿಡುವಿನಲ್ಲಿ ಕಾಫಿ ಕೋಣೆಯಲ್ಲಿ ಹಿರಿಯ ಗುಮಾಸ್ತೆ ಒಬ್ಬರೇ ಇದ್ದರು. ನಾನು ಬಾಗಿಲು ಮುಚ್ಚಿ, ಹಾಳೆಯನ್ನು ಅವರ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಇದನ್ನ ಯಾರ ವಿರುದ್ಧವೂ ಬಳಸಲ್ಲ ಅಂತ ರುಜು ಹಾಕಿದ್ರಿ."

"ಯಾರಿಗೂ ತೋರಿಸಿಲ್ಲ. ತೋರಿಸೋದೂ ಇಲ್ಲ. ನಿಮಗೆ ಮಾತ್ರ."

"ನನ್ನನ್ನ ಹೆದರಿಸ್ತಿದೀರಾ?"

"ಇಲ್ಲ. ಈ ಹಾಳೆ ನೀವೇ ಇಟ್ಕೊಳ್ಳಿ. ನನ್ನ ಹತ್ರ ಬೇರೆ ಪ್ರತಿ ಇಲ್ಲ. ಆದರೆ ಅವರು ಹೇಳಿದ್ದು ನಿಜ. ನಿಮಗೂ ಗೊತ್ತು, ನನಗೂ ಗೊತ್ತು."

ಅವರ ದನಿ ಆಗಲೂ ಏರಲಿಲ್ಲ. "ನೀವು ಅಲ್ಲಿ ಕೂತು ನೋಡ್ತೀರಿ. ಒಂದು ದಿನ, ಒಂದೇ ಒಂದು ದಿನ, ಈ ಕಡೆ ಕುರ್ಚೀಲಿ ಕೂತು ನೋಡಿ. ಆಮೇಲೆ ನನಗೆ ನಿಜದ ಪಾಠ ಹೇಳಿ," ಎಂದು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದರು.

ಮರುದಿನದಿಂದ ಕೌಂಟರಿನಲ್ಲಿ ಯಾರೂ ನನಗೆ ತಮ್ಮ ಕೆಲಸ ತೋರಿಸಲಿಲ್ಲ. ಅವರು ಏನು ಹೇಳಿದ್ದರೋ ಗೊತ್ತಿಲ್ಲ, ಪ್ರತಿ ಗುಮಾಸ್ತರೂ ಪ್ರತಿ ಕೇಸಿಗೂ "ಐದು ನಿಮಿಷ" ಎನ್ನತೊಡಗಿದರು. ಕಡತ ಹುಡುಕಾಟ, ಐದು ನಿಮಿಷ. ಬೆರಳಚ್ಚು, ಐದು ನಿಮಿಷ. ನನ್ನ ಕುರ್ಚಿಯನ್ನು ಯಾರೋ ಕಂಬದ ಹಿಂದಕ್ಕೆ ಸರಿಸಿದ್ದರು, ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಸ್ಯಾಕ್ರಮೆಂಟೊದ ಅಧಿಕಾರಿ ಆ ವಾರದ ಅಂಕಿಗಳನ್ನು ಫೋನಿನಲ್ಲಿ ಕೇಳಿ ಸಂತೋಷಪಟ್ಟರು. "ಈಗ ಸರಿಯಾಗಿ ಬರ್ತಿದೆ ನೋಡಿ!" ಎಂದರು. ನಾನು ಫೋನು ಇಟ್ಟು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಕೆಲಸ ಬಿಟ್ಟುಬಿಡುವ ಯೋಚನೆ ಆ ವಾರದಲ್ಲಿ ಎರಡು ಸಲ ಬಂತು.

ಐದನೆಯ ದಿನ ಮಧ್ಯಾಹ್ನ ಹಿರಿಯ ಗುಮಾಸ್ತೆ ಕೋಟು ಹಾಕಿಕೊಂಡು ಕಂಬದ ಹಿಂದೆ ಬಂದು ನಿಂತರು.

"ಸ್ಥಳ ಪರಿಶೀಲನೆ. ನಿಮ್ಮ ಗಡಿಯಾರ ತಗೊಳ್ಳಿ."

ಹೋಟೆಲು ಹನ್ನೆರಡು ಬ್ಲಾಕ್ ದೂರ. ಬಸ್ಸಿಗೆ ಕಾದು, ಬರದೆ, ನಡೆದೇ ಹೋದೆವು. ಲಿಫ್ಟು ಕೆಟ್ಟಿತ್ತು. ಐದನೆಯ ಮಹಡಿ ಹತ್ತುವಾಗ ಗುಮಾಸ್ತೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಬಾಗಿಲು ತೆರೆದ ಹಿರಿಯರು ನಮ್ಮಿಬ್ಬರನ್ನೂ ನೋಡಿ, ನನ್ನತ್ತ ತಿರುಗದೆ, ಗುಮಾಸ್ತೆಗೆ ಮಾತ್ರ ಇಂಗ್ಲಿಷಿನಲ್ಲಿ ಒಳಗೆ ಬನ್ನಿ ಎಂದರು.

ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಕೈತೊಳೆಯುವ ಬೋಗುಣಿ. ಗುಮಾಸ್ತೆ ಮಂಚದ ಕೆಳಗೆ, ಕಪಾಟಿನಲ್ಲಿ, ಕಿಟಕಿಯ ಹಿಂದೆ ನೋಡಿದರು. ಒಲೆ ಇರಲಿಲ್ಲ. ಬೋಗುಣಿಯ ಪಕ್ಕದಲ್ಲಿ ಒಂದು ತಗಡಿನ ಮಗ್ಗು, ಅದರೊಳಗೆ ಸುರುಳಿ ಸುತ್ತಿದ ಕಂಬಿ. ನಾನು ನೋಡಿದ ಕೂಡಲೆ ಗುರುತಿಸಿದೆ. ಮೈಸೂರಿನಲ್ಲಿ ಹಾಸ್ಟೆಲಿನ ಹುಡುಗಿಯರು ಕದ್ದುಮುಚ್ಚಿ ಇಟ್ಟುಕೊಳ್ಳುತ್ತಿದ್ದ, ಲೋಟದಲ್ಲಿ ನೀರು ಕಾಯಿಸುವ ಪುಟ್ಟ ವಿದ್ಯುತ್ ಕಾಯಿಲ್.

"ಇದೇನು?" ಎಂದರು ಗುಮಾಸ್ತೆ.

"ಬಾಂಬೆಯಲ್ಲಿ ತಗೊಂಡದ್ದು. ಗಡ್ಡಕ್ಕೆ ನೀರು. ಮ್ಯಾನೇಜರು ಬಲ್ಬು ಮಂಕಾಗ್ತದೆ ಅಂತ ಬೈತಾನೆ. ಅವನೇ ನಿಮಗೆ ಒಲೆ ಅಂತ ಹೇಳಿರಬೇಕು."

"ಇದರಲ್ಲಿ ಅಡಿಗೆ ಮಾಡಬಹುದಾ?"

ಅವರಿಗೆ ಸಿಟ್ಟು ಬಂತು. ಇಂಗ್ಲಿಷು ಸಾಲದೆ ನನ್ನ ಕಡೆ ತಿರುಗಿದರು. "ಹೇಳಿ ಅವರಿಗೆ, ಇದು ನಮ್ಮ ಊರಿನ ಕರೆಂಟಿಗೆ ಮಾಡಿದ್ದು. ಇಲ್ಲಿಯ ಕರೆಂಟು ಅದರ ಅರ್ಧ ಉಂಟು. ನೀರು ಬಿಸಿ ಆಗ್ತದೆ, ಕುದಿಯುವುದಿಲ್ಲ. ಒಂದು ಮೊಟ್ಟೆ ಬೇಯುವುದಿಲ್ಲ. ಈಗಾದ್ರೂ ಬಾಯಿ ಬಿಡ್ತೀರಾ, ಇಲ್ವಾ?"

ಮೂರನೆಯ ಷರತ್ತನ್ನು ನಾನು ಮುರಿದದ್ದು ಆಗ. ಅವರು ಹೇಳಿದ್ದನ್ನು ಪೂರ್ತಿಯಾಗಿ, ಒಂದು ಮಾತೂ ಬಿಡದೆ, ಇಂಗ್ಲಿಷಿಗೆ ತಿರುಗಿಸಿದೆ. ಗುಮಾಸ್ತೆ ನನ್ನನ್ನು ತಡೆಯಲಿಲ್ಲ. ಮಗ್ಗಿಗೆ ನೀರು ತುಂಬಿ, ಕಂಬಿಯನ್ನು ಮುಳುಗಿಸಿ, ಪ್ಲಗ್ಗು ಹಾಕಿದರು. ಬಲ್ಬು ಮಂಕಾಯಿತು. ಕುರ್ಚಿಯ ಮೇಲೆ ಕೂತು, "ಎಣಿಸಿ," ಎಂದರು.

ಎಣಿಸಿದೆ. ಹದಿನೈದು ನಿಮಿಷಕ್ಕೆ ಬೆಚ್ಚಗಾಯಿತು. ಅರ್ಧ ಗಂಟೆಗೆ ಹಬೆ ಕಾಣಿಸಿತು. ನಲವತ್ತು ನಿಮಿಷವಾದರೂ ಕುದಿಯಲಿಲ್ಲ. ಆ ನಲವತ್ತು ನಿಮಿಷದಲ್ಲಿ ಅವರಿಬ್ಬರೂ ಹಡಗಿನ ವಿಷಯ ಮಾತನಾಡಿದರು. ಗುಮಾಸ್ತೆಯ ತಂದೆ ಬಂದರಿನಲ್ಲಿ ಸರಕು ಇಳಿಸುತ್ತಿದ್ದವರಂತೆ. ಅಲೆಯೆದ್ದಾಗ ಪಾತ್ರೆಗಳು ಒಲೆಯಿಂದ ಜಾರದ ಹಾಗೆ ಕಬ್ಬಿಣದ ಪಟ್ಟಿ ಬಿಗಿಯುವುದು ಹೇಗೆ, ಎಂಬತ್ತು ಜನಕ್ಕೆ ಅನ್ನ ಬಸಿಯುವುದು ಹೇಗೆ ಎಂದು ಹಿರಿಯರು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ಎದುರಿಗೆ ಬೋಗುಣಿಯ ಪಕ್ಕ ಆ ಮಗ್ಗು ಸುಮ್ಮನೆ ಹಬೆಯಾಡುತ್ತಿತ್ತು. ಗುಮಾಸ್ತೆ ಕೊನೆಗೆ ಬೆರಳಿನಿಂದ ನೀರನ್ನು ಮುಟ್ಟಿ ನೋಡಿ, ಪ್ಲಗ್ಗು ಕಿತ್ತು, ಫಾರಮ್ಮಿನಲ್ಲಿ ಬರೆದರು: ಅಡಿಗೆಯ ಸಾಧನವಿಲ್ಲ.

ಕಚೇರಿಯಿಂದ ಹೊರಟು ವಾಪಸು ಬರುವವರೆಗೆ ಎರಡು ಗಂಟೆ ಐದು ನಿಮಿಷ.

ವಾಪಸು ಬರುವ ದಾರಿಯಲ್ಲೇ ನಾನು ಒಂದು ಉಪಾಯ ಹೇಳಿದ್ದೆ. ಸಾಧನ ಇತ್ತು, ಈಗ ತೆಗೆಯಲಾಗಿದೆ ಎಂದು ಬರೆದರೆ ಮುಂದಿನ ತಿಂಗಳಿಂದ ಹಣ ಬರುತ್ತದೆ. ಯಾರೂ ಏನೂ ಕೇಳುವುದಿಲ್ಲ. ಗುಮಾಸ್ತೆ ನಿಂತುಬಿಟ್ಟರು.

"ಹಾಗೆ ಬರೆದರೆ ಹಿಂದಿನ ಎರಡು ತಿಂಗಳ ಊಟ ಹೋಯಿತು. ಮೊದಲಿಂದಲೂ ಇರಲಿಲ್ಲ ಅಂತ ಬರೆದರೆ, ಹಾಗಾದರೆ ಮೊದಲು ನೋಡಿದ್ದು ಯಾರು ಅಂತ ಕೇಳ್ತಾರೆ."

"ಏನು ಬರೀತೀರಿ?"

"ನಿಮ್ಮ ಹಾಳೆ ನೋಡಿ ಬರೆಯೋದಲ್ಲ ಇದು," ಎಂದರು ಅವರು. "ಅದನ್ನ ಅವತ್ತೇ ಹರಿದು ಹಾಕಿದೀನಿ."

ಅವರು ಬರೆದದ್ದು ನಿಜವನ್ನೇ: 'ಮೊದಲ ಸಲ ಪರಿಶೀಲನೆ ನಡೆದಿರಲಿಲ್ಲ, ಸಂಕೇತ ಒತ್ತಿದ್ದು ನಾನು.' ಎರಡು ವಾರದ ನಂತರ ಅವರ ಸೇವಾ ದಾಖಲೆಗೆ ಲಿಖಿತ ಎಚ್ಚರಿಕೆ ಸೇರಿತು. ಫೋನು ಮಾಡಿದರೆ ಕೇಸು ಮುಚ್ಚಲು ಬಿಡದ ಕಂಪ್ಯೂಟರಿಗೆ ಯಾರೂ ಏನೂ ಮಾಡಲಿಲ್ಲ. ಸಾಲಿಗೂ ಏನೂ ಮಾಡಲಿಲ್ಲ. ನಾನು ಅವರ ಬಳಿ ಹೋಗಿ ಏನೋ ಹೇಳಲು ತಡವರಿಸಿದೆ. ಅವರು ಮುಂದಿನವರನ್ನು ಕರೆದರು.

ನನ್ನ ವರದಿ ಬರೆಯುವ ಹೊತ್ತು ಬಂತು. ಎಲ್ಲ ಹಾಳೆಗಳನ್ನೂ ಕೂಡಿಸಿ ಭಾಗಿಸಿದರೆ ಒಂದು ಪುಟ್ಟ, ಅಂದವಾದ ಸಂಖ್ಯೆ ಬರುತ್ತಿತ್ತು. ಅದು ಅಷ್ಟು ಪುಟ್ಟದಾಗಿದ್ದದ್ದು ಯಾರೂ ಹೋಗಿ ನೋಡದೆ ಇದ್ದುದರಿಂದ. ಅದರೊಳಗೆ ಒಂದು ವಾರದ ಸುಳ್ಳು ಐದು ನಿಮಿಷಗಳೂ ಇದ್ದವು. ಅವನ್ನು ತೆಗೆದುಹಾಕಿದೆ. ಆಮೇಲೆ ಒಂದು ಪುಟದಲ್ಲಿ ಎರಡು ಸಾಲು ಬರೆದೆ. ಒಲೆಯ ಪ್ರಶ್ನೆಯನ್ನು ಫೋನಿನಲ್ಲಿ ಮುಗಿಸಿದರೆ: ನಾಲ್ಕು ನಿಮಿಷ. ನಿಯಮದಂತೆ ಹೋಗಿ ನೋಡಿದರೆ: ಎರಡು ಗಂಟೆ ಐದು ನಿಮಿಷ. ಈ ಎರಡನ್ನು ಸೇರಿಸಿ ಸರಾಸರಿ ಮಾಡಲು ಬರುವುದಿಲ್ಲ. ಒಂದು ಕೆಲಸ ಮಾಡಿದ್ದು, ಇನ್ನೊಂದು ಮಾಡದೆ ಇದ್ದದ್ದು.

ಮೇಲಧಿಕಾರಿ ಓದಿ ಕನ್ನಡಕ ತೆಗೆದರು. "ಈ ಎರಡು ಗಂಟೆ ಎಷ್ಟು ಕೇಸಿನದು?"

"ಒಂದು."

"ಒಂದು ಕೇಸು ಅಂಕಿಅಂಶ ಅಲ್ಲ. ತೆಗೆದುಹಾಕು."

"ನಾನು ಕೂತಿದ್ದ ಅಷ್ಟು ತಿಂಗಳಲ್ಲಿ ನಿಯಮದ ಪ್ರಕಾರ ನಡೆದ ಪರಿಶೀಲನೆ ಅದೊಂದೇ. ಅದಕ್ಕೇ ಒಂದು."

"ನೋಡು," ಎಂದರು ಅವರು, ಸಿಟ್ಟಿನಿಂದಲ್ಲ, ದಣಿವಿನಿಂದ. "ಈ ಪುಟ ಹೋದರೆ ವಾಷಿಂಗ್ಟನ್ನಿನವರು, ನೋಡಿ ನಿಮ್ಮ ಒಲೆಯ ಪ್ರಶ್ನೆಗೆ ನಮಗೆ ಎರಡು ಗಂಟೆ, ದೊಡ್ಡ ಶುಲ್ಕ ಕೊಡಿ ಅಂತಾರೆ. ರಾಜ್ಯದವರು, ಹಾಗಾದರೆ ಊಟದ ಹಣವನ್ನೇ ತೆಗೆದುಬಿಡೋಣ ಅಂತಾರೆ. ನಿನಗೆ ಬೇಕಾಗಿರೋದು ಅದೇನಾ?"

ನಾನು ಯೋಚಿಸದೆ ಇದ್ದ ಮಾತಲ್ಲ ಅದು. ಅವರು ಹೇಳಿದ್ದು ಸರಿಯಾಗಿತ್ತು. ಹೋಗಿ ನೋಡಿದರೆ ದುಬಾರಿ ಎಂದು ಊಟ ತೆಗೆಯುತ್ತಾರೆ. ನೋಡದೆ ಇದ್ದರೆ ಅಗ್ಗ, ಆದರೆ ಆ ಬಿಳಿ ಷರಟಿನವರು ಚರ್ಚಿನ ಮುಂದೆ ನಿಲ್ಲುತ್ತಾರೆ. ಎರಡು ದಿನ ಕಳೆದು ಇನ್ನೊಂದು ವಾಕ್ಯ ಸೇರಿಸಿದೆ: ಅರ್ಜಿದಾರರ ಮಾತನ್ನೇ ನಂಬಿ ರುಜು ತೆಗೆದುಕೊಂಡರೆ ಒಂದು ನಿಮಿಷ ಸಾಕು; ಹಾಗೆ ನಂಬಿ ತಪ್ಪಾಗಿ ಕೊಟ್ಟುಬಿಡುವ ಹಣ ಪರಿಶೀಲನೆಗೆ ತಗಲುವ ವೆಚ್ಚಕ್ಕಿಂತ ಹೆಚ್ಚೇ ಎಂಬುದನ್ನು ಯಾರೂ ಎಣಿಸಿಲ್ಲ. ಪುಟವನ್ನು ತೆಗೆಯುವುದಾದರೆ ವರದಿಯಲ್ಲಿ ನನ್ನ ಹೆಸರನ್ನೂ ತೆಗೆಯಿರಿ ಎಂದೆ.

ಅವರು ಎರಡನ್ನೂ ತೆಗೆದರು. ವರದಿ ಒಂದು ಸಂಖ್ಯೆಯೊಂದಿಗೆ, ಯಾರ ಹೆಸರೂ ಇಲ್ಲದೆ ಹೋಯಿತು. ನಾನು ಆ ಪುಟವನ್ನು ಲಕೋಟೆಗೆ ಹಾಕಿ, ನನ್ನ ಹೆಸರು ಬರೆದು, ಸ್ಯಾಕ್ರಮೆಂಟೊದ ಅಧಿಕಾರಿಗೆ ನೇರವಾಗಿ ಕಳಿಸಿದೆ. ವಾರದ ನಂತರ ಅವರ ಫೋನು ಬಂತು. "ಓದಿದೆ. ಒಳ್ಳೆಯ ಪುಟ. ಇದು ನನಗೆ ಬಂದಿಲ್ಲ ಅಂತ ತಿಳ್ಕೊಳ್ಳಿ," ಎಂದರು. ಆಮೇಲೆ ಮೇಲಧಿಕಾರಿ ನನ್ನನ್ನು ಮಕ್ಕಳನ್ನು ಇರಿಸುವ ಸಾಕುಮನೆಗಳ ಅಂಕಿಗಳ ವಿಭಾಗಕ್ಕೆ ಹಾಕಿದರು.

ಶುಲ್ಕದ ಪ್ರಸ್ತಾಪ ಆ ವರ್ಷ ಬಿದ್ದುಹೋಯಿತು, ನಮ್ಮ ಸಂಖ್ಯೆಯಿಂದ ಎಂದು ನನಗನ್ನಿಸುವುದಿಲ್ಲ. ಮುಂದಿನ ದಶಕದಲ್ಲಿ ಅದು ಬಂದೇ ಬಂತು. ಪ್ರತಿ ಪಾವತಿಗೂ ಒಂದೇ ದರ, ಒಲೆ ಇದ್ದವರಿಗೂ ಇಲ್ಲದವರಿಗೂ. ಎಷ್ಟು ನಿಮಿಷ ಎಂದು ಆಗ ಯಾರೂ ನನ್ನನ್ನು ಕೇಳಲಿಲ್ಲ.

ಹಡಗಿನ ಅಡಿಗೆಯವರಿಗೆ ಎರಡು ತಿಂಗಳ ಬಾಕಿ ಬರಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಕೊಡಬೇಕಾದದ್ದು ರಾಜ್ಯದ ಹಣ, ತಪ್ಪು ಫೆಡರಲ್ ಕಚೇರಿಯದು, ಹಾಗಾದರೆ ಯಾರ ಖಾತೆಯಿಂದ ಎಂದು ಎರಡು ಕಡೆಯವರೂ ಪತ್ರ ಬರೆದುಕೊಂಡರು. ಬಾಕಿ ಬಂದ ವಾರವೇ ಅವರಿಗೆ ಇನ್ನೊಂದು ಲಕೋಟೆಯೂ ಬಂತು. ಅವರು ನನ್ನ ಕಚೇರಿಯ ಫೋನು ನಂಬರನ್ನು ಗುಮಾಸ್ತೆಯಿಂದ ಪಡೆದು ನನ್ನನ್ನು ಕರೆದರು. ಗುಮಾಸ್ತೆ ಕೊಟ್ಟರೆಂಬುದೇ ನನಗೆ ದೊಡ್ಡ ಸುದ್ದಿ.

ಊಟದ ಬಿಡುವಿನಲ್ಲಿ ಅವರು ದಿನವೂ ಉಣ್ಣುತ್ತಿದ್ದ ಚಿಕ್ಕ ಹೋಟೆಲಿನಲ್ಲಿ ಎದುರುಬದುರು ಕೂತೆವು. ಅವರು ಅನ್ನದ ತಟ್ಟೆಯನ್ನು ದೂರ ತಳ್ಳಿ, "ಮುದ್ದೆ ಮಾಡಿಟ್ಟಿದ್ದಾರೆ," ಎಂದು ಗೊಣಗಿ, ಲಕೋಟೆಯನ್ನು ನನ್ನ ಮುಂದಿಟ್ಟರು. ವಾರ್ಷಿಕ ಮರುಪರಿಶೀಲನೆಯ ಫಾರಮ್ಮು. ಬೇರೊಂದು ಕಂಪ್ಯೂಟರಿನಿಂದ ಬಂದದ್ದು. ಮೊದಲಿನದರಲ್ಲಿ ಆದ ತಿದ್ದುಪಡಿ ಇದಕ್ಕೆ ತಿಳಿದಿರಲಿಲ್ಲ. ನಾಲ್ಕನೆಯ ಪ್ರಶ್ನೆ: ನಿಮ್ಮ ವಾಸದ ಸ್ಥಳದಲ್ಲಿ ಅಡಿಗೆಯ ಸಾಧನವಿದೆಯೇ?

"ಮತ್ತೆ ಕೇಳ್ತಾರಲ್ಲ, ಇವರಿಗೆ ಎಂತ ಆಗಿದೆ?" ಎಂದರು ಅವರು.

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಪೆನ್ನು ತೆಗೆದು 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದೆ. ಅವರು ಕೆಳಗೆ ನಿಧಾನವಾಗಿ ರುಜು ಮಾಡಿದರು. ಅದರ ಕೆಳಗೆ, ಅರ್ಜಿದಾರರ ಮಾತಿಗೆ ಸಾಕ್ಷಿಯಾಗಿ ಇನ್ನೊಬ್ಬರ ರುಜು ಬೇಕಿತ್ತು. ನನ್ನ ಹೆಸರು ಬರೆದೆ. ಪಕ್ಕದ ಅಂಕಣದಲ್ಲಿ ಅರ್ಜಿದಾರರೊಂದಿಗೆ ಸಂಬಂಧವೇನು ಎಂದು ಕೇಳಿದ್ದರು.

"ಇಲ್ಲಿ ಏನು ಬರೀಲಿ?" ಎಂದೆ.

ಅವರು ನನ್ನನ್ನೇ ನೋಡಿದರು. "ಊರಿನವಳು ಅಂತ ಬರಿ."

ಅವರ ಊರು ಉಳ್ಳಾಲ, ನನ್ನದು ಮೈಸೂರು. ನಡುವೆ ಇಡೀ ಘಟ್ಟವಿದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಸರಿಯಾದದ್ದು ಯಾವುದೂ ಹೊಳೆಯಲಿಲ್ಲ. ಕೊನೆಗೆ ಕನ್ನಡದಲ್ಲೇ ಬರೆದುಬಿಟ್ಟೆ.